ಜೋಡುನಳಿಗೆಯ ಅಮೆರಿಕನ್ ಕೋವಿ: ಸಾಧಾರಣ ಬೆಲೆಯದು ಎಲ್ಲಿ ಹೋಯಿತು?

ಸೆಪ್ಟೆಂಬರ್ ಹತ್ತಿರವಾದಂತೆ ದಕ್ಷಿಣ ಕ್ಯಾಲಿಫೋರ್ನಿಯಾದ ನಮ್ಮ ಕೊಡಗಿನ ಕುಟುಂಬಗಳಲ್ಲಿ ಒಂದು ಮಾತು ಏಳುತ್ತದೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಪೂಜೆಗಿಡಲು ಇಲ್ಲಿಯೂ ಒಂದು ಕೋವಿ ಇದ್ದರೆ ಹೇಗೆ? ನಾನು ಸೋಮವಾರಪೇಟೆ ಕಡೆಯವನು, ವೃತ್ತಿಯಿಂದ ಮೆಕ್ಯಾನಿಕಲ್ ಎಂಜಿನಿಯರ್. ಹೀಗಾಗಿ ಈ ಪ್ರಶ್ನೆ ತಿರುಗಿ ತಿರುಗಿ ನನ್ನ ಬಳಿಗೇ ಬರುತ್ತದೆ. ಕೇಳುವವರ ಬಯಕೆ ಹೆಚ್ಚುಕಡಿಮೆ ಒಂದೇ. ಊರಿನ ಮನೆಯಲ್ಲಿದ್ದಂಥ ಜೋಡುನಳಿಗೆ ಬೇಕು, ಈ ದೇಶದಲ್ಲೇ ತಯಾರಾಗಿರಬೇಕು, ಬೆಲೆ ಕೈಗೆಟುಕಬೇಕು.

ಈ ಮೂರೂ ಒಟ್ಟಿಗೆ ಸಿಗುವ ಹೊಸ ಕೋವಿ ಇಂದು ಮಾರುಕಟ್ಟೆಯಲ್ಲಿ ಇಲ್ಲ. ಒಂದು ಕಾಲದಲ್ಲಿ ಅದು ಅಂಚೆಯಲ್ಲಿ ಮನೆಬಾಗಿಲಿಗೇ ಬರುತ್ತಿತ್ತು. ಅದು ಏಕೆ ಮರೆಯಾಯಿತು, ಹಳೆಯ ಮಾಲು ಈಗ ಲಾಸ್ ಏಂಜಲಿಸ್ ಮತ್ತು ಸ್ಯಾನ್ ಡಿಯಾಗೊಗಳಲ್ಲಿ ಹೇಗೆ ಕೈಬದಲಾಗುತ್ತದೆ, ಕೊಳ್ಳುವ ಮೊದಲು ನಮ್ಮಂಥ ವಲಸೆ ಕುಟುಂಬಗಳು ಏನು ತಿಳಿದಿರಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಹಳೆಯ ಕೋವಿಯ ಬೆಲೆಚೀಟಿಯಲ್ಲಿ ಬರೆದಿರುವ ಮೊತ್ತ ನಿಜವಾದ ಖರ್ಚಿನ ಒಂದು ಪಾಲು ಮಾತ್ರ.

ಊರಿನ ಕೋವಿ

ಬೆಂಗಳೂರು, ಧಾರವಾಡಗಳಲ್ಲಿ ಬೆಳೆದ ಓದುಗರಿಗೆ ಸ್ವಲ್ಪ ಹಿನ್ನೆಲೆ ಬೇಕಾದೀತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಲ್ಲಿ ಆರಂಭವಾದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಮಲೆನಾಡಿನ ಉಳಿದ ಕಡೆ ಕೋವಿ ಬಹುಮಟ್ಟಿಗೆ ಬೆಳೆ ರಕ್ಷಣೆಯ ಸಾಧನ. ಅದಕ್ಕೆ ಪರವಾನಗಿ ಬೇಕು.

ಅಲ್ಲಿನ ಮನೆಗಳಲ್ಲಿ ಕಾಣುವ ಹನ್ನೆರಡು ಬೋರಿನ ಜೋಡುನಳಿಗೆಗಳಲ್ಲಿ ಹಳೆಯವು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್ ಮುಂತಾದವು ಇಲ್ಲವೆ ಬೆಲ್ಜಿಯಂನವು. ನಂತರದವು ನಮ್ಮ ಸರ್ಕಾರಿ ಆರ್ಡ್‌ನನ್ಸ್ ಫ್ಯಾಕ್ಟರಿಯವು. 'ಹನ್ನೆರಡು ಬೋರ್' ಎಂದರೆ ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದೊಂದು ಉಂಡೆಯ ವ್ಯಾಸ ಎಷ್ಟಾಗುತ್ತದೋ ನಳಿಗೆಯ ಒಳವ್ಯಾಸವೂ ಅಷ್ಟು ಎಂದರ್ಥ. ಇಪ್ಪತ್ತು ಬೋರ್ ಅದಕ್ಕಿಂತ ಸಣ್ಣದು. ಅಮೆರಿಕದಲ್ಲಿ ಇದನ್ನೇ ಗೇಜ್ ಎನ್ನುತ್ತಾರೆ.

ಎರಡು ನಳಿಗೆ ಏಕೆ ದುಬಾರಿ?

ನೋಡುವುದಕ್ಕೆ ಜೋಡುನಳಿಗೆ ಸರಳ ಯಂತ್ರ. ಮಧ್ಯಕ್ಕೆ ಮುರಿದು, ಎರಡು ತೋಟಾ ತುಂಬಿ, ಮುಚ್ಚಿದರಾಯಿತು. ಮಾಡುವವನ ಕಷ್ಟವೇ ಬೇರೆ. ನಳಿಗೆಗಳು ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ಆದ್ದರಿಂದ ಪಕ್ಕಪಕ್ಕ ಜೋಡಿಸಿದಾಗ ಅವು ಮುಂದಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರ ಬರುತ್ತವೆ. ಬಲ ಮತ್ತು ಎಡ ನಳಿಗೆಗಳ ಚರೆ ಸುಮಾರು ನಲವತ್ತು ಗಜ ದೂರದಲ್ಲಿ ಒಂದೇ ಜಾಗಕ್ಕೆ ಬೀಳುವಂತೆ ಕೋನ ಹಿಡಿದು, ನಳಿಗೆ ಸೊಟ್ಟಗಾಗದಂತೆ ಬೆಸುಗೆ ಹಾಕಬೇಕು.

ಆಮೇಲೆ ನಳಿಗೆಯ ಬುಡವನ್ನು ಉಕ್ಕಿನ ಚೌಕಟ್ಟಿಗೆ ಕೂರಿಸಬೇಕು. ಹಳೆಯ ಕುಶಲಿಗರು ಎರಡು ಭಾಗಗಳ ನಡುವೆ ದೀಪದ ಮಸಿ ಹಚ್ಚಿ, ಮುಚ್ಚಿ ತೆಗೆದು, ಮಸಿ ಒರೆಸಿಹೋದ ಕಡೆ ಅರದಿಂದ ಉಜ್ಜಿ, ಮತ್ತೆ ಮುಚ್ಚಿ ನೋಡುತ್ತಿದ್ದರು. ಕೂದಲೆಳೆಯಷ್ಟೂ ಸಂದು ಉಳಿಯದವರೆಗೆ ಈ ಕೆಲಸ ನಡೆಯುತ್ತಿತ್ತು. ಇದರ ಮೇಲೆ ಒಳಗಿನ ಹೊಡೆತದ ಯಂತ್ರವೂ ಎರಡೆರಡು ಬೇಕು. ಕೂಲಿ ಅಗ್ಗವಾಗಿದ್ದಾಗ ಇದೆಲ್ಲ ನಡೆಯಿತು. ಕೂಲಿ ಏರಿದ ದೇಶದಲ್ಲಿ ಜೋಡುನಳಿಗೆಯ ಬೆಲೆಯೂ ಏರಲೇಬೇಕಾಯಿತು.

ಅಮೆರಿಕದ ಉತ್ತರ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿನ ತಯಾರಕರು ಇದಕ್ಕೊಂದು ದಾರಿ ಕಂಡುಕೊಂಡರು. ಕೆತ್ತನೆ, ಆಯ್ದ ವಾಲ್‌ನಟ್ ಮರ ಮುಂತಾದ ಅಲಂಕಾರ ಬಿಟ್ಟು, ಯಂತ್ರಭಾಗ ಮಾತ್ರ ಗಟ್ಟಿಯಾಗಿರುವ 'ಫೀಲ್ಡ್ ಗ್ರೇಡ್' ಕೋವಿಗಳನ್ನು ಮಾಡಿದರು. ಫಿಲಡೆಲ್ಫಿಯಾದ ಎ.ಎಚ್. ಫಾಕ್ಸ್ ಕಂಪನಿ 1910ರಲ್ಲಿ 'ಸ್ಟರ್ಲಿಂಗ್‌ವರ್ತ್' ತಂದಿತು. ಕನೆಕ್ಟಿಕಟ್‌ನ ಪಾರ್ಕರ್ ಬ್ರದರ್ಸ್ 1912ರ ಸುಮಾರಿಗೆ 'ಟ್ರೋಜನ್' ತಂದರು. ನ್ಯೂಯಾರ್ಕ್ ರಾಜ್ಯದ ಇಥಾಕಾ ಕಂಪನಿ 1921ರಿಂದ 'ಲೆಫೀವರ್ ನೈಟ್ರೊ ಸ್ಪೆಷಲ್' ಮಾರಿತು. ಅದೇ ರಾಜ್ಯದ ಫುಲ್ಟನ್‌ನಲ್ಲಿ ಎಲ್.ಸಿ. ಸ್ಮಿತ್ ಕೋವಿಯ ಸಾದಾ ದರ್ಜೆ ತಯಾರಾಗುತ್ತಿತ್ತು. ಹೆಸರು ಒಂದೇ ಇದ್ದರೂ ದರ್ಜೆ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1909ರಲ್ಲಿ ಥಿಯೊಡರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಒಯ್ದ ಅಲಂಕೃತ ಫಾಕ್ಸ್ ಕೋವಿ 2010ರ ಹರಾಜಿನಲ್ಲಿ 8,62,500 ಡಾಲರ್‌ಗೆ ಹೋಯಿತು. ಸ್ಟರ್ಲಿಂಗ್‌ವರ್ತ್ ಇಂದಿಗೂ ಸಾಮಾನ್ಯರ ಕೈಗೆ ಸಿಗುವ ಕೋವಿಯೇ.

ನಿಜವಾದ ಬಡವರ ಕೋವಿ ಮಾತ್ರ ಮ್ಯಾಸಚೂಸೆಟ್ಸ್‌ನ ಸ್ಟೀವನ್ಸ್. 1920ರಲ್ಲಿ ಸ್ಟೀವನ್ಸ್ ಕಂಪನಿಯನ್ನೂ 1929ರಲ್ಲಿ ಫಾಕ್ಸ್ ಕಂಪನಿಯನ್ನೂ ಸಾವೇಜ್ ಕಂಪನಿ ಕೊಂಡಿತು. ಆ ಮೇಲೆ ಬಂದ 'ಸ್ಟೀವನ್ಸ್ 311' ಮತ್ತು ಅದರ ತುಸು ಅಂದದ ಸೋದರ 'ಫಾಕ್ಸ್ ಮಾಡೆಲ್ ಬಿ' ದಶಕಗಳ ಕಾಲ ರೈತರ ಮನೆ ಸೇರಿದವು. 311 ಭಾರ, ಒರಟು; ಖಾಲಿ ತೋಟಾ ತಾನಾಗಿ ಹೊರಗೆ ಹಾರುವುದಿಲ್ಲ, ಕೈಯಿಂದ ತೆಗೆಯಬೇಕು. ಆದರೆ ನಮ್ಮೂರಿನ ಹಳೆಯ ಜೀಪಿನಂತೆ ಸುಲಭಕ್ಕೆ ಕೆಡುವುದಿಲ್ಲ. ವಿಂಚೆಸ್ಟರ್ ಕಂಪನಿಯೂ 1939ರಿಂದ 1957ರವರೆಗೆ 'ಮಾಡೆಲ್ 24' ಎಂಬ ಸಾದಾ ಜೋಡುನಳಿಗೆ ಮಾಡಿತು.

ಇವುಗಳ ಮಾರಾಟದಲ್ಲಿ ಲಾಸ್ ಏಂಜಲಿಸ್‌ಗೂ ಪಾಲಿದೆ. ಬಾಯಲ್ ಹೈಟ್ಸ್‌ನ ಒಲಿಂಪಿಕ್ ಬುಲೆವಾರ್ಡ್‌ನಲ್ಲಿರುವ ಸಿಯರ್ಸ್ ಕಂಪನಿಯ ಗೋಪುರದ ಕಟ್ಟಡವನ್ನು ನಮ್ಮಲ್ಲಿ ಹಲವರು ಹೆದ್ದಾರಿಯಿಂದ ನೋಡಿರುತ್ತೀರಿ. 1927ರಲ್ಲಿ ತೆರೆದ ಅದು ಸಿಯರ್ಸ್‌ನ ಅಂಚೆ ಮಾರಾಟದ ದೊಡ್ಡ ಕೇಂದ್ರವಾಗಿತ್ತು. ಸಿಯರ್ಸ್ ಕ್ಯಾಟಲಾಗ್‌ನಲ್ಲಿ ಹೊಲಿಗೆ ಯಂತ್ರ, ನೇಗಿಲುಗಳ ಜೊತೆಗೆ ಕೋವಿಯೂ ಇರುತ್ತಿತ್ತು. ಸಾವೇಜ್ ಕಾರ್ಖಾನೆಯ ಜೋಡುನಳಿಗೆಯನ್ನು ಸಿಯರ್ಸ್ 'ಜೆ.ಸಿ. ಹಿಗಿನ್ಸ್' ಹೆಸರಿನಲ್ಲಿ ಮಾರುತ್ತಿತ್ತು. 1960ರ ದಶಕದಲ್ಲಿ ಆ ಹೆಸರು ಹೋಗಿ ಸಿಯರ್ಸ್‌ನ ಕ್ರೀಡಾ ಸಾಮಗ್ರಿಗಳ ಮೇಲೆ 'ಟೆಡ್ ವಿಲಿಯಮ್ಸ್' ಹೆಸರು ಬಂತು. ಬೇಸ್‌ಬಾಲ್ ದಂತಕಥೆಯಾದ ಈ ವಿಲಿಯಮ್ಸ್ 1918ರಲ್ಲಿ ಹುಟ್ಟಿದ್ದು ಸ್ಯಾನ್ ಡಿಯಾಗೊದಲ್ಲಿ.

ಹೀಗಾಗಿ ಹಳೆ ಮಾಲು ಹುಡುಕುವವರಿಗೆ ಒಂದು ಕಿವಿಮಾತು: ಅಂಗಡಿ ಹೆಸರಿನ ಕೋವಿಯನ್ನು ಕಡೆಗಣಿಸಬೇಡಿ. ಜೆ.ಸಿ. ಹಿಗಿನ್ಸ್ ಎಂದು ಬರೆದಿರುವ ಜೋಡುನಳಿಗೆಯ ಒಳಗೆ ಇರುವುದು ಸ್ಟೀವನ್ಸ್ ಬಳಗದ ಯಂತ್ರವೇ. ಹೆಸರಿನ ಮೋಹ ಇಲ್ಲದವರಿಗೆ ಅದೇ ಕೋವಿ ಕಡಿಮೆ ಬೆಲೆಗೆ ಸಿಗುತ್ತದೆ.

ನಿಂತದ್ದು ಏಕೆ?

ಜೋಡುನಳಿಗೆಯನ್ನು ಹಿಂದಕ್ಕೆ ತಳ್ಳಿದ್ದು ಪಂಪ್ ಕೋವಿ. ಅದಕ್ಕೆ ಒಂದೇ ನಳಿಗೆ, ಭಾಗಗಳೆಲ್ಲ ಯಂತ್ರದಿಂದಲೇ ಬರುತ್ತವೆ, ಮಸಿ ಹಚ್ಚಿ ಉಜ್ಜುವ ಕೆಲಸವಿಲ್ಲ. 1950ರಲ್ಲಿ ಬಂದ ರೆಮಿಂಗ್ಟನ್ 870ರ ಆರಂಭದ ಬೆಲೆ 69.95 ಡಾಲರ್, 2009ರ ವೇಳೆಗೆ ಆ ಮಾದರಿಯ ಒಂದು ಕೋಟಿ ಕೋವಿಗಳು ತಯಾರಾಗಿದ್ದವು. ಎರಡರ ಬದಲು ಐದು ತೋಟಾ ಹಿಡಿಯುವ ಕೋವಿ ಅಗ್ಗಕ್ಕೆ ಸಿಗುವಾಗ ರೈತ ಅದನ್ನೇ ಕೊಂಡ. ಇಥಾಕಾ 1948ರಲ್ಲಿ ಜೋಡುನಳಿಗೆ ನಿಲ್ಲಿಸಿತು. ಪಾರ್ಕರ್ ಎರಡನೆಯ ಮಹಾಯುದ್ಧದ ಕಾಲಕ್ಕೇ ಮುಗಿದಿತ್ತು. 1968ರ ಗನ್ ಕಂಟ್ರೋಲ್ ಕಾಯ್ದೆ ಬಂದ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಗ್ರಾಹಕರ ಮನೆಗೇ ಅಂಚೆಯಲ್ಲಿ ಕೋವಿ ಕಳಿಸುವುದೂ ನಿಂತಿತು. ಕೊನೆಯವರೆಗೂ ಉಳಿದ ಸ್ಟೀವನ್ಸ್ 311 ಸಹ 1980ರ ದಶಕದ ಕೊನೆಗೆ ಮುಗಿಯಿತು.

ಆಮೇಲೆ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ರೂಗರ್ ಕಂಪನಿ 2000ರ ದಶಕದಲ್ಲಿ 'ಗೋಲ್ಡ್ ಲೇಬಲ್' ಎಂಬ ಜೋಡುನಳಿಗೆ ತಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಕನೆಕ್ಟಿಕಟ್ ಶಾಟ್‌ಗನ್ ಕಂಪನಿ ಸಾವೇಜ್‌ಗಾಗಿ 'ಫಾಕ್ಸ್ ಎ ಗ್ರೇಡ್' ಮಾಡಿದಾಗ ಅದರ ಬೆಲೆ ಸುಮಾರು 5,000 ಡಾಲರ್. ಇಂದು ಅಂಗಡಿಯಲ್ಲಿ ಸಾವಿರ ಡಾಲರ್ ಆಸುಪಾಸಿನಲ್ಲಿ ಸಿಗುವ ಹೊಸ ಜೋಡುನಳಿಗೆಗಳು ಹೆಚ್ಚಾಗಿ ಟರ್ಕಿಯವು ಅಥವಾ ಬ್ರೆಜಿಲ್‌ನವು. ಸ್ಟೀವನ್ಸ್ ಹೆಸರಿನ 555 ಮಾದರಿ ಕೂಡ ಟರ್ಕಿಯಲ್ಲಿ ತಯಾರಾಗಿದ್ದು. ಹಾಗಾಗಿ 'ಅಗ್ಗದ ಅಮೆರಿಕನ್ ಜೋಡುನಳಿಗೆ' ಎಂದರೆ ಇವತ್ತು ಸೆಕೆಂಡ್ ಹ್ಯಾಂಡ್ ಮಾಲು ಎಂದೇ ಅರ್ಥ. ಸಾದಾ 311 ಈಗಲೂ ಕೆಲವು ನೂರು ಡಾಲರ್‌ಗೆ ಸಿಗುತ್ತದೆ. ಒಳ್ಳೆಯ ಸ್ಥಿತಿಯ ಸ್ಟರ್ಲಿಂಗ್‌ವರ್ತ್, ಟ್ರೋಜನ್‌ಗಳ ಬೆಲೆ ಅದಕ್ಕಿಂತ ಮೇಲೆ.

ನಮ್ಮ ಎರಡು ನಗರಗಳಲ್ಲಿ

ಮೊದಲು ಇಂಥ ಮಾಲು ಕೈಬದಲಾಗುತ್ತಿದ್ದದ್ದು ಗನ್ ಶೋ ಎಂಬ ಜಾತ್ರೆಗಳಲ್ಲಿ. ಪೊಮೊನಾದ ಫೇರ್‌ಪ್ಲೆಕ್ಸ್ ಮೈದಾನದ 'ಗ್ರೇಟ್ ವೆಸ್ಟರ್ನ್' ಶೋ ಇಡೀ ದೇಶಕ್ಕೆ ಹೆಸರಾಗಿತ್ತು. ಲಾಸ್ ಏಂಜಲಿಸ್ ಕೌಂಟಿ 1999ರಲ್ಲಿ ತನ್ನ ಜಾಗದಲ್ಲಿ ಬಂದೂಕು ಮಾರಾಟ ನಿಷೇಧಿಸಿತು. ಶೋ ಅಲ್ಲಿಂದ ಹೋಯಿತು. ಸ್ಯಾನ್ ಡಿಯಾಗೊ ಬಳಿಯ ಡೆಲ್ ಮಾರ್ ಮೈದಾನದ ಶೋ ಇನ್ನೂ ಎರಡು ದಶಕ ನಡೆಯಿತು. ಆಗ ಶಾಸಕರಾಗಿದ್ದು ಮುಂದೆ ಸ್ಯಾನ್ ಡಿಯಾಗೊ ಮೇಯರ್ ಆದ ಟಾಡ್ ಗ್ಲೋರಿಯಾ ಮಂಡಿಸಿದ ಮಸೂದೆ 2019ರಲ್ಲಿ ಕಾನೂನಾಯಿತು. 2021ರಿಂದ ಅಲ್ಲಿಯೂ ಮಾರಾಟ ನಿಂತಿತು. 2022ರ ಇನ್ನೊಂದು ಕಾನೂನು ಇದನ್ನು ರಾಜ್ಯ ಸರ್ಕಾರದ ಎಲ್ಲ ಜಾಗಗಳಿಗೂ ವಿಸ್ತರಿಸಿತು. ಈಗ ಉಳಿದಿರುವುದು ಪರವಾನಗಿ ಪಡೆದ ಅಂಗಡಿಗಳ ಹಳೆ ಮಾಲಿನ ಗೂಡು, ಹರಾಜು, ಮತ್ತು ಪರಿಚಿತರಿಂದ ಕೊಳ್ಳುವುದು. ಪರಿಚಿತರಿಂದ ಕೊಂಡರೂ ವ್ಯವಹಾರ ಅಂಗಡಿಯ ಮೂಲಕವೇ ಆಗಬೇಕು.

ಪೂರೈಕೆ ಹೀಗೆ ಕುಗ್ಗಿದ ಕಡೆ ಬೇಡಿಕೆಯೊಂದು ಹುಟ್ಟಿದ್ದೂ ಇಲ್ಲಿಯೇ. 1980ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕೌಬಾಯ್ ವೇಷ ತೊಟ್ಟು ಹಳೆಯ ಮಾದರಿಯ ಬಂದೂಕುಗಳಿಂದ ಗುರಿ ಹೊಡೆಯುವ ಆಟ ಶುರುವಾಯಿತು. ಅದಕ್ಕೆ ಗಿಡ್ಡ ನಳಿಗೆಯ ಜೋಡು ಬೇಕು. ಅದುವರೆಗೆ ಯಾರೂ ಕೇಳದಿದ್ದ ಒರಟು ಸ್ಟೀವನ್ಸ್‌ಗಳಿಗೆ ಆಗ ಗಿರಾಕಿಗಳು ಬಂದರು. ಇಲ್ಲೊಂದು ಅಪಾಯವೂ ಇದೆ. ಹಿಂದೆ ಯಾರೋ ಗರಗಸದಿಂದ ಕತ್ತರಿಸಿದ ಕೋವಿ ನಿಮ್ಮ ಕಣ್ಣಿಗೆ ಬೀಳಬಹುದು. ನಳಿಗೆ 18 ಇಂಚಿಗಿಂತ ಅಥವಾ ಕೋವಿಯ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಿದ್ದರೆ ಅದನ್ನು ಇಟ್ಟುಕೊಳ್ಳುವುದೇ ಗಂಭೀರ ಅಪರಾಧ. ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ.

ಹಳೆಯ ಕೋವಿಯನ್ನು ನೋಡುವ ಬಗೆ

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೇವಲ್ಲ, ಇಲ್ಲಿಯೂ ಅದೇ ಪರೀಕ್ಷೆ. ಅಂಗಡಿಯವರ ಅನುಮತಿ ಪಡೆದು, ಕೋವಿ ಖಾಲಿ ಇದೆಯೆಂದು ನೋಡಿಕೊಂಡು, ನಳಿಗೆಗಳನ್ನು ಬಿಡಿಸಿ, ಬುಡದ ಕೊಕ್ಕೆ ಹಿಡಿದು ತೂಗಿಸಿ ಮೆಲ್ಲಗೆ ತಟ್ಟಬೇಕು. ಬೆಸುಗೆ ಗಟ್ಟಿಯಿದ್ದರೆ ಗಂಟೆಯಂತೆ ನಾದ ಬರುತ್ತದೆ. ಬಿಟ್ಟಿದ್ದರೆ ಒಡಕು ಸದ್ದು ಬರುತ್ತದೆ.

ಕೋವಿ ಮುಚ್ಚಿದಾಗ ಮೇಲಿನ ಸನ್ನೆ ಮಧ್ಯದಿಂದ ತುಸು ಬಲಕ್ಕೆ ನಿಂತರೆ ಸವೆತ ಕಡಿಮೆ. ಎಡಕ್ಕೆ ದಾಟಿದ್ದರೆ ಬಹಳ ಸವೆದಿದೆ. ಮುಂಭಾಗದ ಮರ ತೆಗೆದು ಅಲುಗಿಸಿದಾಗ ನಳಿಗೆ ಕದಲಬಾರದು. ನಳಿಗೆಯ ಒಳಗೆ ಬೆಳಕಿನತ್ತ ಹಿಡಿದು ನೋಡಿ. ತಗ್ಗು, ಉಬ್ಬು, ತುಕ್ಕಿನ ಗುಳಿ ಇವೆಯೇ? ಮರದ ಹಿಡಿ ಉಕ್ಕನ್ನು ಸೇರುವ ಕಡೆ ಬಿರುಕಿದೆಯೇ? ಎಲ್.ಸಿ. ಸ್ಮಿತ್ ಕೋವಿಗಳಲ್ಲಿ ಈ ಬಿರುಕು ಸಾಮಾನ್ಯ. ಕೊನೆಯದಾಗಿ, ತೋಟಾ ಕೂರುವ ಮನೆಯ ಉದ್ದವನ್ನು ಬಂದೂಕು ರಿಪೇರಿ ಬಲ್ಲವರಿಂದ ಅಳೆಸಬೇಕು. ಇಂದಿನ ತೋಟಾ 2¾ ಇಂಚಿನದು; ಹಳೆಯ ಕೋವಿಗಳಲ್ಲಿ ಕೆಲವು ಅದಕ್ಕಿಂತ ಗಿಡ್ಡ ತೋಟಾಕ್ಕೆ ಮಾಡಿದವು. ನಳಿಗೆಯ ಮೇಲೆ ರೇಷ್ಮೆಯ ಅಲೆಯಂಥ ಗೆರೆಗಳಿದ್ದರೆ ಅದು ಡಮಾಸ್ಕಸ್, ಅಂದರೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೊಸೆದು ಮಾಡಿದ್ದು. ಅದನ್ನು ಗೋಡೆಗೆ ಬಿಡುವುದೇ ಒಳ್ಳೆಯದು.

ರಣಹದ್ದು ಮತ್ತು ತೋಟಾ

ಕೋವಿ ಅಗ್ಗಕ್ಕೆ ಸಿಕ್ಕಿತು ಎನ್ನೋಣ. ಹಾಕುವ ತೋಟಾ ಯಾವುದು? ಇದಕ್ಕೆ ಉತ್ತರ ಕೊಟ್ಟದ್ದು ಒಂದು ಪಕ್ಷಿ. ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ದೊಡ್ಡ ರಣಹದ್ದು 1982ರಲ್ಲಿ 22ಕ್ಕೆ ಇಳಿದಿತ್ತು. 1987ರಲ್ಲಿ ಕಾಡಿನಲ್ಲಿ ಉಳಿದ ಕೊನೆಯ ಹಕ್ಕಿಯನ್ನೂ ಹಿಡಿದು ತಂದು, ಲಾಸ್ ಏಂಜಲಿಸ್ ಮೃಗಾಲಯ ಮತ್ತು ಸ್ಯಾನ್ ಡಿಯಾಗೊದವರ ಎಸ್ಕಾಂಡಿಡೊ ವನ್ಯಧಾಮಗಳಲ್ಲಿ ಮರಿ ಮಾಡಿಸಿದರು. 1992ರಿಂದ ಅವನ್ನು ಮತ್ತೆ ಕಾಡಿಗೆ ಬಿಡತೊಡಗಿದರು. ಬೇಟೆಗಾರರು ಬಿಟ್ಟುಹೋದ ಪ್ರಾಣಿಗಳ ಅವಶೇಷದಲ್ಲಿದ್ದ ಸೀಸ ತಿಂದು ಆ ಹಕ್ಕಿಗಳು ಸಾಯುತ್ತಿದ್ದವು. 2008ರಲ್ಲಿ ಕಾಂಡರ್ ಇರುವ ಪ್ರದೇಶದಲ್ಲಿ, 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ತೋಟಾ ನಿಷೇಧವಾಯಿತು.

ಸೀಸದ ಬದಲಿಗೆ ಅಗ್ಗಕ್ಕೆ ಸಿಗುವುದು ಉಕ್ಕಿನ ಚರೆ. ಅದು ಗಡುಸು. ಹಳೆಯ ಕೋವಿಯ ಮೃದು ನಳಿಗೆಯನ್ನು ಗೀರಬಹುದು, ತುದಿಯ ಬಿಗಿತ ಇರುವ ಕಡೆ ಉಬ್ಬಿಸಬಹುದು. ಹಳೆಯ ಕೋವಿಗೆ ಸರಿಹೊಂದುವುದು ಮೃದುವಾದ ಬಿಸ್ಮತ್ ಚರೆ. ಅದರ ಬೆಲೆ ಸೀಸದ ತೋಟಾದ ಹಲವು ಪಟ್ಟು. ಕೈಲ್ ಮುಹೂರ್ತಕ್ಕೆ ಎರಡು ದಿನ ಮೊದಲು, ಸೆಪ್ಟೆಂಬರ್ 1ರಂದು, ಇಲ್ಲಿ ಪಾರಿವಾಳ ಜಾತಿಯ ಡವ್ ಹಕ್ಕಿಯ ಬೇಟೆ ಆರಂಭವಾಗುತ್ತದೆ. ಸ್ಯಾನ್ ಡಿಯಾಗೊದಿಂದ ಜನ ಇಂಪೀರಿಯಲ್ ಕಣಿವೆಗೆ ಹೋಗುತ್ತಾರೆ. ಅಜ್ಜನ ಕಾಲದ ಕೋವಿ ಹಿಡಿದು ಹೋಗುವವರು ಕೋವಿಯಲ್ಲಿ ಉಳಿಸಿದ ಹಣವನ್ನು ತೋಟಾಕ್ಕೆ ಸುರಿಯಬೇಕು. ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವ ಆಟಕ್ಕೆ ಈ ನಿಷೇಧ ಅನ್ವಯಿಸುವುದಿಲ್ಲ; ಆದರೂ ಆಯಾ ಮೈದಾನದ ನಿಯಮ ಕೇಳಿಕೊಳ್ಳಬೇಕು.

ಕೊಳ್ಳುವ ಮೊದಲು ಪಾಸ್‌ಪೋರ್ಟ್ ನೋಡಿ

ನಮ್ಮ ಸದಸ್ಯರಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಎಚ್-1ಬಿ, ಎಲ್-1, ಎಫ್-1 ಅಥವಾ ಪ್ರವಾಸಿ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿಯಂಥ ಕೆಲವು ಅಪವಾದಗಳಿವೆ. ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬಾರದು. ಇದರಲ್ಲಿ ತಪ್ಪಿದರೆ ದಂಡ ಕಟ್ಟಿ ಮುಗಿಯುವುದಿಲ್ಲ. ಜೈಲು, ಗಡೀಪಾರು ಎರಡೂ ಎದುರಾಗಬಹುದು. ಹತ್ತು ವರ್ಷ ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾದ ಕುಟುಂಬಕ್ಕೆ ಪೂಜೆಯ ಒಂದು ಕೋವಿ ಅಷ್ಟು ಬೆಲೆ ಬಾಳದು. "ಹಬ್ಬಕ್ಕೆ ಮಾತ್ರ ಮನೆಯಲ್ಲಿಡುತ್ತೇವೆ" ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವವರು ಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ವಯಸ್ಸು ಸಾಮಾನ್ಯವಾಗಿ 21 ಆಗಿರಬೇಕು. ಫೈರ್‌ಆರ್ಮ್ ಸೇಫ್ಟಿ ಸರ್ಟಿಫಿಕೇಟ್‌ಗಾಗಿ ಲಿಖಿತ ಪರೀಕ್ಷೆ ಪಾಸಾಗಬೇಕು, ಹಿನ್ನೆಲೆ ತಪಾಸಣೆಗೆ ಒಳಗಾಗಿ ಹತ್ತು ದಿನ ಕಾಯಬೇಕು. 2024ರ ಜುಲೈಯಿಂದ ಅಂಗಡಿಯವರ ಬಂದೂಕು ಮತ್ತು ತೋಟಾ ಮಾರಾಟದ ಮೇಲೆ ರಾಜ್ಯದ ಶೇ. 11 ತೆರಿಗೆ ಬಿದ್ದಿದೆ. ಅದು ಕೊನೆಗೆ ಗಿರಾಕಿಯ ಬಿಲ್ಲಿಗೇ ಬರುತ್ತದೆ. ಇದಕ್ಕೆ ಬೀಗದ ಕಬ್ಬಿಣದ ಕಪಾಟಿನ ಖರ್ಚು ಸೇರಿಸಿ. ಮಕ್ಕಳಿರುವ ಮನೆಯಲ್ಲಿ ಕಪಾಟು ಕೋವಿಗಿಂತ ಮೊದಲು ಬರಬೇಕು. ಕೋವಿಯನ್ನು ಗೋಡೆಯ ಗೂಟಕ್ಕೆ ತೂಗುಹಾಕುತ್ತಿದ್ದ ಊರಿನ ರೂಢಿ ಇಲ್ಲಿಗೆ ಒಗ್ಗುವುದಿಲ್ಲ.

ಊರಿನ ಕೋವಿಯನ್ನೇ ತರಬಹುದೇ?

2019ರಲ್ಲಿ ಭಾರತದ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿಯಾಗಿ ಪರವಾನಗಿದಾರರ ಮಿತಿ ಮೂರರಿಂದ ಎರಡಕ್ಕೆ ಇಳಿದ ಮೇಲೆ ಈ ಪ್ರಶ್ನೆ ನನಗೆ ಹೆಚ್ಚು ಬಂದಿದೆ. ಲಗೇಜಿನಲ್ಲಿ ಹಾಕಿಕೊಂಡು ಬರುವ ಮಾತೇ ಇಲ್ಲ. ಇಲ್ಲಿನ ಎಟಿಎಫ್ ಇಲಾಖೆಯ ಆಮದು ಅನುಮತಿಯೂ ಅಲ್ಲಿನ ರಫ್ತು ಅನುಮತಿಯೂ ಬೇಕು. 1898 ಅಥವಾ ಅದಕ್ಕೂ ಹಿಂದೆ ತಯಾರಾದ ಕೋವಿಯನ್ನು ಅಮೆರಿಕದ ಫೆಡರಲ್ ಕಾನೂನು ಪುರಾತನ ವಸ್ತುವೆಂದು ಬಗೆದು ಬಹುಪಾಲು ನಿಯಮಗಳಿಂದ ಬಿಡುತ್ತದೆ. ಆದರೆ ಅಷ್ಟು ಹಳೆಯ ವಸ್ತು ಭಾರತದಿಂದ ಹೊರಡುವಾಗ ನೂರು ವರ್ಷ ದಾಟಿದ ವಸ್ತುಗಳಿಗೆ ಸಂಬಂಧಿಸಿದ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರಬಹುದು. ಇಲ್ಲಿ ಬಾಗಿಲು ತೆರೆಯುವ ವಯಸ್ಸೇ ಅಲ್ಲಿ ಬಾಗಿಲು ಮುಚ್ಚಿಸುತ್ತದೆ.

ಹಾಗಾದರೆ ನನ್ನ ಸಲಹೆ ಏನು? ವೀಸಾದಲ್ಲಿರುವ ಕಿರಿಯರು ಸದ್ಯಕ್ಕೆ ಕತ್ತಿ, ನೇಗಿಲು, ಮನೆಯ ಉಪಕರಣಗಳನ್ನಿಟ್ಟು ಕೈಲ್ ಮುಹೂರ್ತ ಮಾಡಲಿ, ಹಬ್ಬ ಆಯುಧಗಳೆಲ್ಲದರದು. ಅರ್ಹತೆ ಇದ್ದು, ಗುರಿ ಆಟದ ಆಸಕ್ತಿಯೂ ಇರುವವರು ಮೊದಲು ಕಪಾಟು, ಆಮೇಲೆ ತರಬೇತಿ, ಕೊನೆಗೆ ಕೋವಿ ಎಂಬ ಕ್ರಮ ಹಿಡಿಯಲಿ. ಹೊಸದಕ್ಕಿಂತ ಒಂದು ಗಟ್ಟಿ ಸ್ಟೀವನ್ಸ್ 311 ಅಥವಾ ಅಂಗಡಿ ಹೆಸರಿನ ಅದರ ಸೋದರ ಸಾಕು. ಮಕ್ಕಳು ಕೇಳಿದರೆ ಅದನ್ನು ಮಾಡಿದ ಮ್ಯಾಸಚೂಸೆಟ್ಸ್‌ನ ಕಾರ್ಖಾನೆಯ ಕತೆಯನ್ನೂ ಊರಿನ ಕೋವಿಯ ಕತೆಯನ್ನೂ ಒಟ್ಟಿಗೆ ಹೇಳಬಹುದು. ಕಾನೂನುಗಳು ಪದೇ ಪದೇ ಬದಲಾಗುತ್ತವೆ, ಆದ್ದರಿಂದ ಕೊಳ್ಳುವ ದಿನ ಅಂಗಡಿಯಲ್ಲೂ ವಕೀಲರಲ್ಲೂ ಇನ್ನೊಮ್ಮೆ ವಿಚಾರಿಸಿಕೊಳ್ಳಿ.